ಸಹಪಾಠಿ ಬೆಂಬಲ ತರಬೇತಿ

ಸಹಪಾಠಿ ಬೆಂಬಲ ತರಬೇತಿ ಎಂದರೆ ಶಾಲೆಯ ಆಯ್ದ ವಿದ್ಯಾರ್ಥಿಗಳಿಗೆ ನೀಡುವ ಒಂದು ವ್ಯವಸ್ಥಿತ ಶಿಕ್ಷಣ. ತಮ್ಮ ಓರಗೆಯವರು ಮನಸ್ಸಿನ ಸಂಕಟದಲ್ಲಿರುವುದನ್ನು ಗುರುತಿಸಲು, ಅವರ ಮಾತನ್ನು ತಾಳ್ಮೆಯಿಂದ ಕೇಳಲು ಹಾಗೂ ಅವರನ್ನು ನಂಬಿಕಸ್ಥ ಹಿರಿಯರ ಬಳಿಗೆ ಕರೆದೊಯ್ಯಲು ಇದರಲ್ಲಿ ಕಲಿಸಲಾಗುತ್ತದೆ. ಹೀಗೆ ತರಬೇತಿ ಪಡೆದವರನ್ನು ಬೇರೆ ಬೇರೆ ಯೋಜನೆಗಳು ಬೇರೆ ಬೇರೆ ಹೆಸರಿನಿಂದ ಕರೆಯುತ್ತವೆ. ಈ ಲೇಖನದಲ್ಲಿ ಅನುಕೂಲಕ್ಕಾಗಿ 'ಸಹಪಾಠಿ ಮಿತ್ರ' ಎಂಬ ಪದವನ್ನು ಬಳಸಲಾಗಿದೆ. ಸಹಪಾಠಿ ಮಿತ್ರರು ವೈದ್ಯರೂ ಅಲ್ಲ, ಆಪ್ತಸಮಾಲೋಚಕರೂ ಅಲ್ಲ. ನೋವಿನಲ್ಲಿರುವ ಮಗುವಿಗೂ ನೆರವು ನೀಡಬಲ್ಲ ಹಿರಿಯರಿಗೂ ನಡುವೆ ಅವರು ಒಂದು ಕೊಂಡಿ ಮಾತ್ರ. ಆ ಕೊಂಡಿಯ ಇನ್ನೊಂದು ತುದಿಯಲ್ಲಿ ಯಾರೂ ಇಲ್ಲದಿದ್ದರೆ ತರಬೇತಿ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಫಲವಿಲ್ಲ. ಈ ವಿಷಯದ ಮೇಲಿನ ಹೆಚ್ಚಿನ ಚರ್ಚೆ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

ಅಗತ್ಯ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಯಾವುದಾದರೂ ಒಂದು ಮಾನಸಿಕ ಸಮಸ್ಯೆ ಇತ್ತು. ನಲವತ್ತು ಮಕ್ಕಳಿರುವ ಒಂದು ತರಗತಿಗೆ ಇದನ್ನು ಅನ್ವಯಿಸಿದರೆ ಸುಮಾರು ಮೂವರು ಎಂದಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ 2022ರ ವರದಿಯಂತೆ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಈ ಲೆಕ್ಕದಲ್ಲಿ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದಾರೆ.

ಹದಿಹರೆಯದ ಮಗು ತನ್ನ ಸಂಕಟವನ್ನು ತಂದೆತಾಯಿ ಅಥವಾ ಶಿಕ್ಷಕರಿಗಿಂತ ಮೊದಲು ಗೆಳೆಯರಲ್ಲಿ ಹೇಳಿಕೊಳ್ಳುವುದು ಸಾಮಾನ್ಯ. ಹೇಳದಿದ್ದರೂ ಗೆಳೆಯರಿಗೆ ಅದು ಕಾಣುತ್ತದೆ. ಬಿಸಿಯೂಟದ ಸಾಲಿನಲ್ಲಿ ಯಾರು ಮೂರು ದಿನದಿಂದ ತಟ್ಟೆ ಹಿಡಿದು ಸುಮ್ಮನೆ ಕೂರುತ್ತಿದ್ದಾರೆ, ಯಾರು ಆಟದ ಪೀರಿಯಡ್ಡಿನಲ್ಲಿ ಒಬ್ಬರೇ ಬೇವಿನ ಮರದ ಕೆಳಗೆ ನಿಲ್ಲುತ್ತಾರೆ, ಯಾರು ಬಸ್ಸಿನಲ್ಲಿ ಮೊದಲಿನ ಜಾಗ ಬಿಟ್ಟು ಹಿಂದಿನ ಸೀಟಿಗೆ ಹೋದರು ಎಂಬುದು ಹಾಜರಿ ಪುಸ್ತಕದಲ್ಲಿ ದಾಖಲಾಗುವುದಿಲ್ಲ. ಅದು ಪಕ್ಕದಲ್ಲಿ ಕೂರುವ ಮಗುವಿಗೆ ಗೊತ್ತಿರುತ್ತದೆ. ಆದರೆ ಗೊತ್ತಿದ್ದೂ ಏನು ಮಾಡಬೇಕೆಂದು ತಿಳಿಯದೆ ಆ ಮಗು ಗುಟ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ತರಬೇತಿಯ ಉದ್ದೇಶ ಈ ತಿಳಿವಳಿಕೆಯನ್ನು ಕಾಲಕ್ಕೆ ಸರಿಯಾಗಿ ಸರಿಯಾದ ಕೈಗೆ ತಲುಪಿಸುವುದು.

ಹಿನ್ನೆಲೆ

ಮಕ್ಕಳಿಂದಲೇ ಮಕ್ಕಳಿಗೆ ನೆರವು ಕೊಡಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಹಿಂದಿನ ಕೂಲಿಮಠಗಳಲ್ಲಿ, ಅಂದರೆ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಊರ ಶಾಲೆಗಳಲ್ಲಿ, ಮುಂದುವರಿದ ಹುಡುಗರು ಹೊಸಬರಿಗೆ ಪಾಠ ಹೇಳಿಕೊಡುತ್ತಿದ್ದರು. ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳುಹಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡ ಶಾಲೆಗಳು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಅವನು ಮೆಚ್ಚಿದ್ದಾನೆ. ಇಂಗ್ಲೆಂಡು ಅದನ್ನು ಅನುಸರಿಸಿದ್ದು ಸರಿಯಾದುದೇ ಎಂದೂ ಬರೆದಿದ್ದಾನೆ. ಅವನು ಸೂಚಿಸಿದ್ದು ಆಂಡ್ರ್ಯೂ ಬೆಲ್‌ನ 'ಮದರಾಸು ಪದ್ಧತಿ'ಯನ್ನು. ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸಿದ ಬೆಲ್, 1797ರಲ್ಲಿ ಆ ಕುರಿತ ವರದಿಯನ್ನು ಲಂಡನ್ನಿನಲ್ಲಿ ಪ್ರಕಟಿಸಿದನು. ಜೋಸೆಫ್ ಲ್ಯಾಂಕಾಸ್ಟರ್ ಅದೇ ಬಗೆಯ ಶಾಲೆಗಳನ್ನು ಅಲ್ಲಿ ಬೆಳೆಸಿದನು. ಆದರೆ ಈ ಪದ್ಧತಿಗಳ ಕಾಳಜಿ ಅಕ್ಷರ ಮತ್ತು ಲೆಕ್ಕಕ್ಕೆ ಸೀಮಿತವಾಗಿತ್ತು. ಮಗುವಿನ ಮನಸ್ಸು ಅವುಗಳ ವಿಷಯವಾಗಿರಲಿಲ್ಲ.

ಮನಸ್ಸಿನ ಕ್ಷೇಮಕ್ಕಾಗಿ ಸಹಪಾಠಿಗಳನ್ನು ಸಿದ್ಧಗೊಳಿಸುವ ಯೋಜನೆಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಲಗೊಂಡವು. ಬ್ರಿಟನ್ನಿನಲ್ಲಿ ಹೆಲೆನ್ ಕೋವಿ ಮೊದಲಾದವರು ಶಾಲೆಗಳಲ್ಲಿನ ಕಿರುಕುಳವನ್ನು ತಡೆಯಲು ಸಹಪಾಠಿ ಸಮಾಲೋಚನೆಯನ್ನು ಬೆಳೆಸಿದರು. ಅಮೆರಿಕದ ನಾರ್ತ್ ಡಕೋಟ ರಾಜ್ಯದಲ್ಲಿ 1998ರಲ್ಲಿ 'ಸೋರ್ಸಸ್ ಆಫ್ ಸ್ಟ್ರೆಂತ್' ಆರಂಭವಾಯಿತು. ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ 'ಕಿವಾ' ಕಾರ್ಯಕ್ರಮ 2009ರಿಂದ ಆ ದೇಶದ ಶಾಲೆಗಳಲ್ಲಿ ವ್ಯಾಪಕವಾಗಿ ಜಾರಿಗೆ ಬಂದಿತು. ಕಿರುಕುಳಕ್ಕೆ ಒಳಗಾದ ಮಗುವಿನ ತರಗತಿಯ, ಎಲ್ಲರ ಮೆಚ್ಚುಗೆಯುಳ್ಳ ಎರಡರಿಂದ ನಾಲ್ವರು ಮಕ್ಕಳನ್ನು ಶಿಕ್ಷಕರು ಪ್ರತ್ಯೇಕವಾಗಿ ಕರೆದು, ಆ ಮಗುವಿನ ಜೊತೆಗಿರುವಂತೆ ಕೇಳಿಕೊಳ್ಳುವುದು ಕಿವಾದ ಒಂದು ಮುಖ್ಯ ಹೆಜ್ಜೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಈ ಕ್ಷೇತ್ರದ ಬುನಾದಿ ನಿಮ್ಹಾನ್ಸ್‌ನ ಜೀವನ ಕೌಶಲ ಶಿಕ್ಷಣ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಗುರುತಿಸಿದ ಹತ್ತು ಜೀವನ ಕೌಶಲಗಳನ್ನು ಆಧಾರವಾಗಿಟ್ಟುಕೊಂಡು ಶ್ರೀಕಲಾ ಭರತ್ ಮತ್ತು ಕೆ. ವಿ. ಕಿಶೋರ್ ಕುಮಾರ್ ಈ ಮಾದರಿಯನ್ನು ಪ್ರೌಢಶಾಲೆಗಳಿಗಾಗಿ ಬೆಳೆಸಿದರು. ಇದರಲ್ಲಿ ಉಪನ್ಯಾಸಕ್ಕಿಂತ ಗುಂಪು ಚಟುವಟಿಕೆಗೆ ಪ್ರಾಧಾನ್ಯವಿದೆ, ನಡೆಸುವವರು ಆಯಾ ಶಾಲೆಯ ಶಿಕ್ಷಕರೇ.

ಕೇಂದ್ರ ಸರ್ಕಾರ 2014ರ ಜನವರಿ 7ರಂದು ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಹದಿಹರೆಯದವರನ್ನೇ ನೇರವಾಗಿ ಕಾರ್ಯಕರ್ತರನ್ನಾಗಿಸಿತು. ಮಾರ್ಗಸೂಚಿಯಂತೆ ಸಾವಿರ ಜನಸಂಖ್ಯೆಯ ಹಳ್ಳಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಹೀಗೆ ನಾಲ್ವರು ಸಮವಯಸ್ಕ ಶಿಕ್ಷಕರಿರಬೇಕು. ಅವರನ್ನು ಆರಿಸುವಲ್ಲಿ ಆಶಾ ಕಾರ್ಯಕರ್ತೆಯ ಪಾತ್ರ ದೊಡ್ಡದು. ಪ್ರತಿಯೊಬ್ಬರೂ ಹದಿನೈದರಿಂದ ಇಪ್ಪತ್ತು ಮಂದಿಯ ಗುಂಪು ಕಟ್ಟಿ ಪೌಷ್ಟಿಕತೆ, ದುಶ್ಚಟ, ಹಿಂಸೆ, ಮಾನಸಿಕ ಆರೋಗ್ಯ ಮೊದಲಾದವನ್ನು ಚರ್ಚಿಸಬೇಕು. ಇದರ ಜೊತೆಗೆ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಹದಿಹರೆಯದವರ ಚಿಕಿತ್ಸಾಲಯಗಳು ಕರ್ನಾಟಕದಲ್ಲಿ 'ಸ್ನೇಹ ಕ್ಲಿನಿಕ್' ಎಂಬ ಹೆಸರಿನಿಂದ ಪರಿಚಿತವಾಗಿವೆ.

ಶಾಲೆಯೊಳಗಿನ ವ್ಯವಸ್ಥೆಯನ್ನು ರೂಪಿಸಿದ್ದು 2020ರ ಫೆಬ್ರವರಿ 12ರಂದು ಚಾಲನೆಗೊಂಡ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದಷ್ಟೂ ಒಬ್ಬರು ಪುರುಷರು ಒಬ್ಬರು ಮಹಿಳೆಯರು, 'ಆರೋಗ್ಯ ಮತ್ತು ಕ್ಷೇಮ ರಾಯಭಾರಿ'ಗಳಾಗಿ ತರಬೇತಿ ಪಡೆಯುತ್ತಾರೆ. ಪ್ರತಿ ತರಗತಿಯ ಇಬ್ಬರು ಮಾನಿಟರುಗಳು 'ಆರೋಗ್ಯ ಮತ್ತು ಕ್ಷೇಮ ದೂತ'ರಾಗುತ್ತಾರೆ. ಹನ್ನೊಂದು ವಿಷಯಗಳ ಪಠ್ಯದಲ್ಲಿ ಭಾವನಾತ್ಮಕ ಕ್ಷೇಮ ಮತ್ತು ಮಾನಸಿಕ ಆರೋಗ್ಯ ಒಂದು.

ಮಾನಿಟರನ್ನೇ ದೂತನನ್ನಾಗಿ ಮಾಡುವ ನಿಯಮ ಆಡಳಿತಕ್ಕೆ ಸುಲಭ. ಆದರೆ ಕನ್ನಡ ಶಾಲೆಗಳ 'ಕ್ಲಾಸ್ ಲೀಡರ್' ಯಾರೆಂದು ಬಲ್ಲವರಿಗೆ ಅದರ ತೊಡಕು ತಕ್ಷಣ ಹೊಳೆಯುತ್ತದೆ. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವುದು ಅವನ ಕೆಲಸ. ಅದೇ ಹುಡುಗನ ಬಳಿ ಹೋಗಿ ಮನೆಯಲ್ಲಿ ಅಪ್ಪ ಕುಡಿದು ಹೊಡೆಯುವುದನ್ನು ಹೇಳಿಕೊಳ್ಳುವ ಮಕ್ಕಳು ಕಡಿಮೆ.

ಶಾಲೆ ಬಿಟ್ಟ ಮೇಲಿನ ವಯಸ್ಸಿನವರಿಗೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆಗೂಡಿ ನಡೆಸುವ 'ಯುವ ಸ್ಪಂದನ' ಯೋಜನೆಯಿದೆ. ಅದರಲ್ಲಿ ತರಬೇತಿ ಪಡೆದ ಯುವಕ ಯುವತಿಯರನ್ನು 'ಯುವ ಪರಿವರ್ತಕ'ರೆಂದು ಕರೆಯಲಾಗುತ್ತದೆ.

ಆಯ್ಕೆ

ಸಹಪಾಠಿ ಮಿತ್ರರ ಆಯ್ಕೆಯೇ ತರಬೇತಿಯ ಅರ್ಧ ಭಾಗ ಎನ್ನಬಹುದು. ಹೆಚ್ಚು ಅಂಕ ಪಡೆಯುವವರನ್ನೇ ಆರಿಸಿದರೆ ಹಿಂದಿನ ಬೆಂಚಿನವರು ದೂರ ಉಳಿಯುತ್ತಾರೆ. ಒಂದೇ ಕೇರಿಯ, ಒಂದೇ ಜಾತಿಯ ಮಕ್ಕಳೇ ಆಯ್ಕೆಯಾದರೆ ಉಳಿದವರಿಗೆ ಆ ಬಾಗಿಲು ಮುಚ್ಚಿದಂತೆಯೇ. ವಿದ್ಯಾರ್ಥಿನಿಲಯದ ಮಕ್ಕಳು, ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು, ಊರೊಳಗಿನವರು ಹೀಗೆ ಪ್ರತಿ ಗುಂಪಿನಿಂದಲೂ ಯಾರಾದರೊಬ್ಬರು ಇರುವುದು ಒಳ್ಳೆಯದು. ಸರಳವಾದ ಒಂದು ವಿಧಾನವೆಂದರೆ ಪ್ರತಿ ವಿದ್ಯಾರ್ಥಿಗೂ ಚೀಟಿ ಕೊಟ್ಟು, ತನಗೆ ಕಷ್ಟ ಬಂದರೆ ತರಗತಿಯಲ್ಲಿ ಯಾರಿಗೆ ಹೇಳಿಕೊಳ್ಳುವೆ ಎಂದು ಹೆಸರು ಬರೆಸುವುದು. ಹೀಗೆ ಬರುವ ಹೆಸರುಗಳು ಶಿಕ್ಷಕರನ್ನು ಅಚ್ಚರಿಗೊಳಿಸುವುದುಂಟು. ಚೀಟಿಗಳನ್ನು ಗಟ್ಟಿಯಾಗಿ ಓದಬಾರದು. ಯಾರ ಹೆಸರೂ ಬರೆಯದ ಚೀಟಿಯನ್ನು ಬೇರೆಯಾಗಿ ಗಮನಿಸಬೇಕು.

ಆಯ್ಕೆಯಾದ ಮಗುವಿಗೂ ಅದರ ಮನೆಯವರಿಗೂ ಒಪ್ಪಿಗೆ ಇರಬೇಕು. ಬೇಡವೆನಿಸಿದಾಗ ಯಾವ ಕಾರಣವನ್ನೂ ಕೊಡದೆ ಹಿಂದೆ ಸರಿಯುವ ಸ್ವಾತಂತ್ರ್ಯವೂ ಇರಬೇಕು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಅಥವಾ ತಾನೇ ಸಂಕಟದಲ್ಲಿರುವ ಮಗುವಿಗೆ ಈ ಹೊಣೆ ಹೊರಿಸುವುದು ಸರಿಯಲ್ಲ.

ತರಬೇತಿಯಲ್ಲಿ ಕಲಿಸುವ ವಿಷಯಗಳು

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕ್ರಿಯೆಗಳನ್ನು ಹೇಳುತ್ತದೆ: ನೋಡುವುದು, ಆಲಿಸುವುದು, ಜೋಡಿಸುವುದು. ಆ ಕೈಪಿಡಿ ವಿಪತ್ತಿನ ಸಂದರ್ಭಗಳಿಗಾಗಿ ಬರೆದದ್ದು. ಆದರೂ ಶಾಲಾ ತರಬೇತಿಗಳನ್ನು ವಿವರಿಸಲು ಈ ಮೂರು ಪದಗಳು ಸಾಕಾಗುತ್ತವೆ.

ನೋಡುವುದೆಂದರೆ ಬದಲಾವಣೆಯನ್ನು ಗಮನಿಸುವುದು. ಸ್ವಭಾವತಃ ಮಿತಭಾಷಿಯಾದ ಹುಡುಗಿ ಮೌನವಾಗಿದ್ದರೆ ಅದು ಅವಳ ರೀತಿ. ವಟವಟ ಮಾತಾಡುತ್ತಿದ್ದವಳು ವಾರದಿಂದ ಮೌನವಾದರೆ ಅದು ಸುದ್ದಿ. ಊಟ, ನಿದ್ದೆ, ಗೆಳೆತನ, ಹಾಜರಿ, ಓದು ಇವುಗಳಲ್ಲಿ ಕಾಣುವ ಬದಲಾವಣೆ, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ತಾನಿಲ್ಲದಿದ್ದರೇ ಎಲ್ಲರಿಗೂ ಒಳಿತು ಎಂಬಂಥ ಮಾತು ಇವನ್ನು ಗುರುತಿಸಲು ಕಲಿಸಲಾಗುತ್ತದೆ. ನೋಡಿದ್ದಕ್ಕೆ ಹೆಸರಿಡುವುದು ಮಿತ್ರರ ಕೆಲಸವಲ್ಲ. 'ಅವಳಿಗೆ ಡಿಪ್ರೆಶನ್' ಎಂದು ಹದಿನಾಲ್ಕರ ಬಾಲಕಿ ತೀರ್ಪು ಕೊಡುವುದರಿಂದ ಕೆಡುಕೇ ಹೆಚ್ಚು.

ಆಲಿಸುವುದು ಮೂರರಲ್ಲಿಯೂ ಕಷ್ಟವಾದುದು. ನಮ್ಮಲ್ಲಿ ಸಮಾಧಾನ ಹೇಳುವ ವಾಡಿಕೆ ಬಲವಾಗಿದೆ. ಯಾರಾದರೂ ಅತ್ತರೆ 'ಅಳಬೇಡ, ಎಲ್ಲ ಸರಿಹೋಗುತ್ತೆ' ಎನ್ನುವುದು, 'ನಿನಗಿಂತ ಕಷ್ಟದಲ್ಲಿರುವವರು ಇಲ್ಲವೇ' ಎಂದು ಹೋಲಿಸುವುದು, ದೇವರ ಮೇಲೆ ಭಾರ ಹಾಕು ಎನ್ನುವುದು, ಎಲ್ಲವೂ ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತುಗಳು. ಆದರೆ ಅವು ಎದುರಿನವರ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ. ಆದ್ದರಿಂದ ಅಭ್ಯಾಸದ ಅವಧಿಗಳಲ್ಲಿ ಮಕ್ಕಳನ್ನು ಮೂವರ ಗುಂಪುಗಳಾಗಿ ಮಾಡಿ, ಒಬ್ಬರು ಹೇಳುವುದು, ಒಬ್ಬರು ಕೇಳುವುದು, ಮತ್ತೊಬ್ಬರು ಗಮನಿಸುವುದು ಎಂದು ಪಾತ್ರ ಹಂಚಿಸಲಾಗುತ್ತದೆ. ಕೇಳುವವರು ಮೂರು ನಿಮಿಷ ಯಾವ ಸಲಹೆಯನ್ನೂ ಕೊಡುವಂತಿಲ್ಲ. ಮೊದಲ ಬಾರಿಗೆ ಇದನ್ನು ಮಾಡುವ ಮಕ್ಕಳಿಗೆ ಮೂರು ನಿಮಿಷ ಬಹಳ ದೀರ್ಘವೆನಿಸುತ್ತದೆ. ಶಿಕ್ಷಕರಿಗೆ ಇನ್ನೂ ದೀರ್ಘ.

ಮಾತಿನ ಆರಂಭ ಸಹಜವಾಗಿರಬೇಕು. ಪುಸ್ತಕದ ಭಾಷೆಯಲ್ಲಿ 'ನಿನ್ನ ಭಾವನೆಗಳನ್ನು ಹಂಚಿಕೊಳ್ಳುವೆಯಾ' ಎಂದು ಕೇಳಿದರೆ ಗೆಳೆಯ ನಕ್ಕು ಎದ್ದು ಹೋಗಬಹುದು. 'ಯಾಕೋ, ಸೋಮವಾರದಿಂದ ಕಬಡ್ಡಿಗೇ ಬರ್ತಿಲ್ಲ?' ಅಥವಾ 'ಏನಾಯ್ತೇ, ಊಟ ಹಾಗೇ ಬಿಟ್ಟಿದ್ದೀಯಲ್ಲ, ಬಾ ಕೂತ್ಕೊಂಡು ಮಾತಾಡೋಣ' ಎಂಬ ಮಾತು ಹೆಚ್ಚು ಫಲಕಾರಿ. ಕಂಡ ಸಂಗತಿಯನ್ನು ಹೇಳಿ ನಂತರ ಸುಮ್ಮನಾಗುವುದು ಇದರ ಗುಟ್ಟು. ಪರೀಕ್ಷೆಯ ಭಯದಂಥ ವಿಷಯಗಳಲ್ಲಿ ಸರಿಯಾದ ಮಾಹಿತಿ ಕೂಡ ಧೈರ್ಯ ಕೊಡುತ್ತದೆ. ಉದಾಹರಣೆಗೆ, ಕರ್ನಾಟಕದಲ್ಲಿ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ ಎಂಬುದನ್ನು ಮಿತ್ರರು ತಿಳಿದಿರಬೇಕು.

ಜೋಡಿಸುವುದೆಂದರೆ ಹಿರಿಯರ ಬಳಿಗೆ ಕರೆದೊಯ್ಯುವುದು. 'ಹೋಗಿ ಮಿಸ್‌ಗೆ ಹೇಳು' ಎಂದು ಕಳುಹಿಸುವುದಕ್ಕೂ 'ನಾನೂ ಜೊತೆಗೆ ಬರ್ತೀನಿ, ಮಿಸ್ ಹತ್ರ ಹೋಗೋಣ' ಎನ್ನುವುದಕ್ಕೂ ಬಹಳ ಅಂತರವಿದೆ. ತರಬೇತಿಯಲ್ಲಿ ಎರಡನೆಯದನ್ನೇ ಅಭ್ಯಾಸ ಮಾಡಿಸುತ್ತಾರೆ. ಯಾವ ಶಿಕ್ಷಕರ ಬಳಿ ಹೋಗಬೇಕು, ಅವರು ರಜೆಯಲ್ಲಿದ್ದರೆ ಯಾರು, ಶಾಲೆ ಮುಗಿದ ಮೇಲೆ ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು.

ಆತ್ಮಹತ್ಯೆಯ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅದರ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ಸಾಯುವ ಮಾತು ಬಂದಾಗ ಸಹಪಾಠಿ ಮಿತ್ರರು ಅದನ್ನು ತಮಾಷೆಯೆಂದು ತಳ್ಳಿಹಾಕಬಾರದು, ಆ ಗೆಳೆಯನನ್ನು ಒಂಟಿಯಾಗಿ ಬಿಡಬಾರದು, ಆ ಕ್ಷಣವೇ ಹಿರಿಯರಿಗೆ ತಿಳಿಸಬೇಕು. ಮಾತುಕತೆಯನ್ನು ತಾವೇ ಮುಂದುವರಿಸಿ ಪರಿಹಾರ ಹುಡುಕಲು ಹೊರಡಬಾರದು.

ಗೌಪ್ಯತೆ ಮತ್ತು ಕಾನೂನು

'ಯಾರಿಗೂ ಹೇಳಲ್ಲ ಅಂತ ಆಣೆ ಮಾಡು' ಎಂಬುದು ಶಾಲಾ ಗೆಳೆತನದ ಸಾಮಾನ್ಯ ಷರತ್ತು. ಸಹಪಾಠಿ ಮಿತ್ರರು ಆ ಆಣೆಯನ್ನು ಮಾಡಬಾರದು. ಕೇಳಿದ್ದನ್ನು ತರಗತಿಯಲ್ಲಿ ಹರಡುವುದಿಲ್ಲ, ಆದರೆ ಪ್ರಾಣಕ್ಕೆ ಅಪಾಯ, ಲೈಂಗಿಕ ದೌರ್ಜನ್ಯ, ಹಿಂಸೆ ಅಥವಾ ಬಾಲ್ಯವಿವಾಹದ ವಿಷಯವಾದರೆ ಒಬ್ಬ ಹಿರಿಯರಿಗೆ ಹೇಳಲೇಬೇಕಾಗುತ್ತದೆ ಎಂಬುದನ್ನು ಮಾತಿನ ಆರಂಭದಲ್ಲಿಯೇ ತಿಳಿಸಬೇಕು. ನಂತರ ತಿಳಿಸಿದರೆ ಅದು ನಂಬಿಕೆದ್ರೋಹವೆನಿಸುತ್ತದೆ.

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ 2012ರ ಕಾಯಿದೆ, ಅಂದರೆ ಪೋಕ್ಸೊ ಕಾಯಿದೆ, ಈ ವಿಷಯದಲ್ಲಿ ಮಕ್ಕಳನ್ನೂ ಹಿರಿಯರನ್ನೂ ಬೇರ್ಪಡಿಸುತ್ತದೆ. ಅದರ 19ನೇ ಕಲಮಿನಂತೆ ಅಪರಾಧದ ಮಾಹಿತಿ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿರುವುದು 21ನೇ ಕಲಮಿನಂತೆ ಶಿಕ್ಷಾರ್ಹ, ಆದರೆ ಈ ಶಿಕ್ಷೆ ಮಗುವಿಗೆ ಅನ್ವಯಿಸುವುದಿಲ್ಲ. ಹೀಗಾಗಿ ವಿದ್ಯಾರ್ಥಿ ಶಿಕ್ಷಕರಿಗೆ ಹೇಳಿದ ಕ್ಷಣದಿಂದ ಕಾನೂನಿನ ಹೊಣೆ ಶಿಕ್ಷಕರದು. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಊರ ಹಿರಿಯರ ಮುಂದೆ ರಾಜಿ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಸರ್ವೋಚ್ಚ ನ್ಯಾಯಾಲಯ 2025ರ ಜುಲೈ 25ರಂದು ಸುಖದೇಬ್ ಸಾಹಾ ಪ್ರಕರಣದಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ಹೊಂದಿರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಔಪಚಾರಿಕ ಸಂಪರ್ಕ ಇಟ್ಟುಕೊಳ್ಳಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಆಗಬೇಕು. ಗ್ರಾಮಾಂತರ ಕನ್ನಡ ಶಾಲೆಗಳಲ್ಲಿ ನೂರಕ್ಕಿಂತ ಕಡಿಮೆ ಮಕ್ಕಳಿರುವವು ಬಹಳ. ಅವುಗಳ ಮಟ್ಟಿಗೆ ಎರಡನೆಯ ಮಾತೇ ಮುಖ್ಯ.

ತೆಂಗಿನ ಸೀಮೆಯ ಸಂದರ್ಭ

ಗ್ರಾಮೀಣ ಪ್ರದೇಶದಲ್ಲಿ ಈ ತರಬೇತಿಗೆ ಸ್ಥಳೀಯ ರೂಪ ಹೇಗಿರಬೇಕೆಂಬುದಕ್ಕೆ ತುಮಕೂರು ಜಿಲ್ಲೆಯ ನೊಣವಿನಕೆರೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ತಿಪಟೂರು ತಾಲ್ಲೂಕಿನ ಹೋಬಳಿ ಕೇಂದ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಂತೆ ಇಲ್ಲಿಯೂ ಮನೆಯ ಲೆಕ್ಕಾಚಾರವೆಲ್ಲ ತೆಂಗಿನ ಮೇಲೆ ನಿಂತಿದೆ. ಕಿತ್ತ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ ಉಂಡೆ ಕೊಬ್ಬರಿ ಮಾಡುವುದು ಈ ಭಾಗದ ಪದ್ಧತಿ. ಮದುವೆ, ಸಾಲ, ಕಾಲೇಜು ಶುಲ್ಕ ಎಲ್ಲಕ್ಕೂ ಅಟ್ಟದ ಕೊಬ್ಬರಿಯೇ ಉಳಿತಾಯ.

ಆದ್ದರಿಂದ ತಿಪಟೂರು ಮಾರುಕಟ್ಟೆಯ ದರ ಮಕ್ಕಳ ಮನಸ್ಸಿಗೂ ತಾಗುತ್ತದೆ. ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದ 2023ರಲ್ಲಿ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಪ್ರತಿಭಟನೆಗೆ ಇಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ 20,000 ರೂಪಾಯಿ ದಾಟಿತು. ಇಷ್ಟು ಏರಿಳಿತದ ನಡುವೆ ನುಸಿ ಪೀಡೆ, ಕಪ್ಪುತಲೆ ಹುಳು, ರಸ ಸೋರುವ ರೋಗಗಳಿಂದ ಇಳುವರಿ ಕುಸಿಯುವುದೂ ಉಂಟು. ಮನೆಯಲ್ಲಿ ದುಡ್ಡಿನ ಜಗಳ ನಡೆದ ಮರುದಿನ ಶಾಲೆಯಲ್ಲಿ ತಲೆ ಕೆಳಗೆ ಹಾಕಿ ಕೂತ ಹುಡುಗನನ್ನು ಸೋಮಾರಿ ಎಂದು ಗದರಿಸುವ ಬದಲು, ಅಟ್ಟದಲ್ಲಿ ಏನಾಗಿದೆ ಎಂದು ಊಹಿಸಬಲ್ಲವನು ಅದೇ ಬಗೆಯ ಮನೆಯಿಂದ ಬಂದ ಸಹಪಾಠಿ. ಹೊರಗಿನಿಂದ ಬಂದ ತಜ್ಞರಿಗೆ ಈ ಅರಿವು ಬರಲು ಕಾಲ ಬೇಕು.

ಇನ್ನೊಂದು ಬದಿಯಲ್ಲಿ, ಚಿಕ್ಕ ಊರಿನಲ್ಲಿ ಗುಟ್ಟು ನಿಲ್ಲುವುದು ಕಷ್ಟ. ಶಿಕ್ಷಕರು, ಆಶಾ ಕಾರ್ಯಕರ್ತೆ, ಬಸ್ಸಿನ ಕಂಡಕ್ಟರ್, ಅಂಗಡಿಯವರು ಎಲ್ಲರೂ ಪರಸ್ಪರ ಪರಿಚಿತರು, ಹಲವರು ನೆಂಟರು. ಬೆಳಿಗ್ಗೆ ಶಾಲೆಯಲ್ಲಿ ಹೇಳಿದ್ದು ಸಂಜೆ ಸಂತೆಯಲ್ಲಿ ಕೇಳಿಬಂದರೆ ಮತ್ತೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಇಂಥ ಕಡೆ ಗೌಪ್ಯತೆಯ ತರಬೇತಿ ಮಕ್ಕಳಿಗಿಂತ ಮೊದಲು ಶಿಕ್ಷಕರಿಗೂ ಅಡುಗೆ ಸಿಬ್ಬಂದಿಗೂ ಆಗಬೇಕು.

ನೊಣವಿನಕೆರೆಯಂಥ ಊರಿನಿಂದ ಕೊಂಡಿ ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲ ಮಾದರಿ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿದ್ದು. ಕ್ಯಾಂಪ್‌ಬೆಲ್ ಕೂಲಿಮಠಗಳನ್ನು ಎಣಿಸಿದ ಅದೇ ಜಿಲ್ಲೆ ಎಂಬುದು ಕಾಕತಾಳೀಯ. ಇಂದು ಕರ್ನಾಟಕದ ಜಿಲ್ಲೆಗಳಲ್ಲಿ ಈ ಕಾರ್ಯಕ್ರಮದ ತಂಡಗಳಿವೆ. 'ಮನೋಚೈತನ್ಯ' ಯೋಜನೆಯಡಿ ಮನೋವೈದ್ಯರು ಮಂಗಳವಾರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಭೇಟಿ ನೀಡುವ ವ್ಯವಸ್ಥೆಯೂ ಇದೆ. ಅಂದರೆ ನೊಣವಿನಕೆರೆಯ ಮಗುವಿಗೆ ಹತ್ತಿರದ ತಜ್ಞರ ಭೇಟಿ ತಿಪಟೂರಿನಲ್ಲಿ, ಅದೂ ನಿಗದಿತ ದಿನದಲ್ಲಿ. ಉಳಿದಂತೆ ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ಹೋಗಬೇಕು. ಕೂಲಿ ಬಿಟ್ಟು ಮಗುವನ್ನು ಕರೆದೊಯ್ಯುವ ತಾಯಿಗೆ ಇದು ಸಣ್ಣ ಮಾತಲ್ಲ. ಈ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬುವುದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆ. ಇದರ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಆದರೆ ಸ್ವಂತ ಫೋನಿಲ್ಲದ ಮಗುವಿಗೆ ಶಾಲೆಯ ಫೋನಿನಿಂದ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತನಾಡಲು ಅವಕಾಶ ಸಿಕ್ಕರೆ ಮಾತ್ರ ಈ ಸಂಖ್ಯೆಗೆ ಅರ್ಥ.

ಪರಿಣಾಮದ ಅಧ್ಯಯನಗಳು

ನಿಮ್ಹಾನ್ಸ್ ಮಾದರಿಯ ಕುರಿತ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮದಲ್ಲಿದ್ದ 605 ಮಕ್ಕಳನ್ನು ಅದರಲ್ಲಿಲ್ಲದ 423 ಮಕ್ಕಳೊಡನೆ ಒಂದು ವರ್ಷದ ಕೊನೆಯಲ್ಲಿ ಹೋಲಿಸಲಾಯಿತು. ಆತ್ಮಗೌರವ, ಕಷ್ಟವನ್ನು ಎದುರಿಸಬಲ್ಲೆನೆಂಬ ಭಾವನೆ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ, ಪರೋಪಕಾರದ ನಡತೆ ಇವುಗಳಲ್ಲಿ ಮೊದಲ ಗುಂಪು ಸ್ಪಷ್ಟವಾಗಿ ಮುಂದಿತ್ತು. ಆದರೆ ಮಾನಸಿಕ ತೊಂದರೆಗಳ ಪ್ರಮಾಣದಲ್ಲಿ ಹಾಗೂ ಮನೆಯವರ ಮತ್ತು ಓರಗೆಯವರ ಜೊತೆಗಿನ ಹೊಂದಾಣಿಕೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಶಿಕ್ಷಕರು ನಡೆಸುವ ಪಾಠ ಮಗು ಮತ್ತು ಶಿಕ್ಷಕರ ನಡುವಿನ ದಾರಿಯನ್ನು ಸುಗಮಗೊಳಿಸಿತು. ಮಗುವಿಗೂ ಮಗುವಿಗೂ ನಡುವಿನ ದಾರಿ ಇದ್ದಂತೆಯೇ ಉಳಿಯಿತು ಎಂದು ಇದನ್ನು ಓದಬಹುದು.

ಬಿಹಾರದ ನಳಂದಾ ಜಿಲ್ಲೆಯ ಎಪ್ಪತ್ತಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ನಡೆದ 'ಸೆಹೆರ್' ಪ್ರಯೋಗದ ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು. ಅನಾಮಧೇಯ ಚೀಟಿಗಳ ಪೆಟ್ಟಿಗೆ, ಗೋಡೆ ಪತ್ರಿಕೆ, ವಿದ್ಯಾರ್ಥಿ ಗುಂಪುಗಳು ಮೊದಲಾದ ಚಟುವಟಿಕೆಗಳನ್ನು ಕೆಲವು ಶಾಲೆಗಳಲ್ಲಿ ಶಿಕ್ಷಕರು, ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ ಸ್ಥಳೀಯ ಸಮಾಲೋಚಕರು ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆ ಮತ್ತು ಕಿರುಕುಳ ಕಡಿಮೆಯಾದವು. ಶಿಕ್ಷಕರೇ ನಡೆಸಿದ ಶಾಲೆಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ, ಮೊಟ್ಟೆ ಬಾಳೆಹಣ್ಣಿನ ಲೆಕ್ಕಗಳಲ್ಲಿ ಮುಳುಗಿರುವ ನಮ್ಮ ಶಿಕ್ಷಕರನ್ನು ಬಲ್ಲವರಿಗೆ ಇದು ಅನಿರೀಕ್ಷಿತವಲ್ಲ.

ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳೇ ಪಾತ್ರ ವಹಿಸಿ ಚರ್ಚಿಸುವ ತರಗತಿಗಳು ಒಂದು ವರ್ಷದ ನಂತರ ಆತ್ಮಹತ್ಯಾ ಪ್ರಯತ್ನಗಳನ್ನು ಗಮನಾರ್ಹವಾಗಿ ತಗ್ಗಿಸಿದ್ದವು. ಶಿಕ್ಷಕರಿಗೆ ಮಾತ್ರ ಗುರುತಿಸುವ ತರಬೇತಿ ಕೊಟ್ಟ ಶಾಲೆಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಅಮೆರಿಕದ 18 ಪ್ರೌಢಶಾಲೆಗಳಲ್ಲಿ 'ಸೋರ್ಸಸ್ ಆಫ್ ಸ್ಟ್ರೆಂತ್' ಕುರಿತು ನಡೆದ 2010ರ ಅಧ್ಯಯನದಂತೆ, ದೊಡ್ಡ ಶಾಲೆಗಳ ತರಬೇತಿ ಪಡೆದ ವಿದ್ಯಾರ್ಥಿಗಳು ಅಪಾಯದಲ್ಲಿದ್ದ ಗೆಳೆಯರನ್ನು ಹಿರಿಯರ ಬಳಿಗೆ ಕರೆದೊಯ್ಯುವ ಸಾಧ್ಯತೆ ತರಬೇತಿ ಪಡೆಯದವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು.

ಆಕ್ಷೇಪಗಳು

ಮುಖ್ಯ ಆಕ್ಷೇಪ, ಹಿರಿಯರು ಮಾಡಬೇಕಾದ ಕೆಲಸವನ್ನು ಮಕ್ಕಳ ಮೇಲೆ ಹೊರಿಸಲಾಗುತ್ತಿದೆ ಎಂಬುದು. ಸಮಾಲೋಚಕರ ಹುದ್ದೆಗೆ ಹಣವಿಲ್ಲದಾಗ ದೂತರ ಬ್ಯಾಡ್ಜು ಅಗ್ಗದ ಪರ್ಯಾಯವಾಗಿ ಕಾಣುವ ಅಪಾಯ ನಿಜವಾದುದು. ಗೆಳೆಯನ ಗುಟ್ಟನ್ನು ಕೇಳಿದ ರಾತ್ರಿ ನಿದ್ದೆ ಬಾರದ ಮಗುವಿನ ಯೋಗಕ್ಷೇಮ ಯಾರದು ಎಂಬ ಪ್ರಶ್ನೆಗೆ ಯೋಜನೆ ಉತ್ತರಿಸಬೇಕು. ಆದ್ದರಿಂದ ಹದಿನೈದು ದಿನಕ್ಕೊಮ್ಮೆಯಾದರೂ ಜವಾಬ್ದಾರ ಶಿಕ್ಷಕರು ಸಹಪಾಠಿ ಮಿತ್ರರೊಡನೆ ಕೂತು, ಹೆಸರುಗಳನ್ನು ಎತ್ತದೆ, ಅವರ ಮನಸ್ಸಿನ ಭಾರವನ್ನು ಕೇಳುವ ಸಭೆ ಇರಬೇಕು ಎಂದು ತಜ್ಞರು ಒತ್ತಿ ಹೇಳುತ್ತಾರೆ. ಈ ಸಭೆಗಳು ಮೊದಲು ನಿಲ್ಲುವುದು ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ, ಪರೀಕ್ಷೆಯ ತಯಾರಿಯ ಹೆಸರಿನಲ್ಲಿ. ಮಕ್ಕಳಿಗೆ ಅವು ಅತಿ ಹೆಚ್ಚು ಬೇಕಾಗುವುದೂ ಆ ತಿಂಗಳುಗಳಲ್ಲಿಯೇ.

ಎರಡನೆಯದು ಗಂಡುಮಕ್ಕಳ ಹಿಂಜರಿಕೆ. ಬ್ರಿಟಿಷ್ ಶಾಲೆಗಳಲ್ಲಿ ಮಿತ್ರರಾಗಲು ಮುಂದೆ ಬಂದವರಲ್ಲಿ ಹುಡುಗಿಯರೇ ಹೆಚ್ಚು ಎಂದು ಕೋವಿಯವರ ಅಧ್ಯಯನಗಳು ಗುರುತಿಸಿವೆ. 'ಹೆಂಗಸರ ಹಾಗೆ ಅಳ್ತೀಯಾ' ಎಂಬ ಬೈಗುಳ ಇನ್ನೂ ಚಾಲ್ತಿಯಲ್ಲಿರುವ ನಮ್ಮ ಶಾಲೆಗಳಲ್ಲಿ ಪರಿಸ್ಥಿತಿ ಭಿನ್ನವಾಗಿರಲಾರದು. ಹುಡುಗರು ಎದುರುಬದುರು ಕೂತು ಮಾತಾಡುವುದಕ್ಕಿಂತ ಕ್ರಿಕೆಟ್ ಮುಗಿಸಿ ಮನೆಗೆ ನಡೆಯುವ ದಾರಿಯಲ್ಲಿ, ಕೆರೆ ಏರಿಯ ಮೇಲೆ, ಸೈಕಲ್ ತಳ್ಳಿಕೊಂಡು ಹೋಗುವಾಗ ಸುಲಭವಾಗಿ ಬಾಯಿ ಬಿಡುತ್ತಾರೆ. ಅವರಿಗಾಗಿ ಅಭ್ಯಾಸದ ಸನ್ನಿವೇಶಗಳನ್ನು ಅಂಥ ಜಾಗಗಳಲ್ಲಿಯೇ ಕಲ್ಪಿಸಿಕೊಂಡು ಆಡಿಸುವ ತರಬೇತುದಾರರೂ ಇದ್ದಾರೆ.